ಇಂಗ್ಲಿಷಿನ ನುಡಿಗಟ್ಟುಗಳನ್ನು ಕಲಿಯುವ ಬಗೆ

ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಪಾಲಕರು ನಮ್ಮನ್ನು ಕಂಡು ಮಾತನಾಡುವಾಗ, ಶುಲ್ಕದ ವಿಷಯವೂ ವಸತಿಗೃಹದ ಊಟದ ವಿಷಯವೂ ಮುಗಿದ ಬಳಿಕ, ತಪ್ಪದೆ ಒಂದು ಮಾತನ್ನು ಕೇಳುತ್ತಾರೆ: “ನಮ್ಮ ಹುಡುಗಿಗೆ ಇಂಗ್ಲಿಷ್ ಬರುತ್ತದೆಯೇ?” ವ್ಯಾಕರಣದಲ್ಲಿ ಅವಳಿಗೆ ಒಳ್ಳೆಯ ಅಂಕಗಳು ಬಂದಿರುವದನ್ನು ನಾವು ತೋರಿಸಿದರೂ ಅವರಿಗೆ ಪೂರ್ಣ ಸಮಾಧಾನವಾಗುವದಿಲ್ಲ. ಅವರ ಸಂಶಯವು ನಿರಾಧಾರವಾದದ್ದಲ್ಲ. ಹುಡುಗಿಯು ಪಾಠಪುಸ್ತಕದ ವಾಕ್ಯವನ್ನು ಚೆನ್ನಾಗಿ ತಿಳಿದುಕೊಳ್ಳುವಳು. ಆದರೆ ಇಂಗ್ಲಿಷ್ ಬಲ್ಲವರು ಇಬ್ಬರು ಕೂಡಿ ಸಹಜವಾಗಿ ಮಾತನಾಡತೊಡಗಿದರೆ, ಒಂದೊಂದು ಶಬ್ದವೂ ತನಗೆ ಗೊತ್ತಿದ್ದಾಗ್ಯೂ ಮಾತಿನ ಅರ್ಥ ಮಾತ್ರ ಕೈಗೆ ಸಿಕ್ಕದೆ ತಬ್ಬಿಬ್ಬಾಗಿ ನಿಲ್ಲುವಳು. ಇದಕ್ಕೆ ಹೆಚ್ಚಾಗಿ ಕಾರಣವಾದದ್ದು ನುಡಿಗಟ್ಟು. ಆ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಾಲ್ಕು ಮಾತುಗಳನ್ನು ಹೇಳಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಶಬ್ದಗಳ ಅರ್ಥವನ್ನು ಒಂದೊಂದಾಗಿ ಕೂಡಿಸಿದರೆ ಬಾರದ ಅರ್ಥವು ಅವೆಲ್ಲ ಒಟ್ಟಾಗಿ ನಿಂತಾಗ ಬರುವದಾದರೆ ಅದು ನುಡಿಗಟ್ಟು. “ಈ ಹುಡುಗ ನನ್ನ ತಲೆ ತಿಂದ” ಎಂದು ತಾಯಿಯು ಅಂದರೆ ಮನೆಯ ಮಕ್ಕಳಲ್ಲಿ ಯಾರೂ ಅಂಜಿ ಅವಳ ತಲೆಯನ್ನು ಮುಟ್ಟಿ ನೋಡುವದಿಲ್ಲ. ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವದು, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ದಿನ ಕಳೆಯುವದು, ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವದು, ಮೈಯೆಲ್ಲ ಕಿವಿಯಾಗಿ ಕೇಳುವದು: ಇಂಥ ಮಾತುಗಳಿಲ್ಲದೆ ನಮ್ಮ ಮನೆಗಳಲ್ಲಿ ಒಂದು ಹೊತ್ತೂ ಕಳೆಯುವದಿಲ್ಲ. ಇವುಗಳನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಇಂಗ್ಲಿಷರ ಮಕ್ಕಳೂ ತಮ್ಮ ನುಡಿಗಟ್ಟುಗಳನ್ನು ಹೀಗೆಯೇ ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ಕಲಿತುಕೊಳ್ಳುತ್ತಾರೆ.

ನಮ್ಮ ಮಕ್ಕಳಿಗೆ ಸಿಕ್ಕುವದಾದರೋ ಪೇಟೆಯಲ್ಲಿ ಮಾರುವ ಪುಸ್ತಕದೊಳಗಿನ ಪಟ್ಟಿ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ, ಅಂಥವು ನೂರು. ಪರೀಕ್ಷೆಯ ಮುಂಚಿನ ವಾರ ಅವುಗಳನ್ನು ಗಟ್ಟಿ ಮಾಡುವರು. ಪರೀಕ್ಷೆಯ ಮರುವಾರ ಎಡದ್ದು ಬಲದ್ದು ಕಲಸಿಹೋಗುವದು. ಮರೆತರೆ ಅಷ್ಟೇನೂ ಹಾನಿಯಿಲ್ಲ. ಮರೆಯದೆ ತಪ್ಪು ಸ್ಥಳದಲ್ಲಿ ಬಳಸಿದರೆ ಹಾನಿ. ಒಬ್ಬ ವಿದ್ಯಾರ್ಥಿನಿಯು ಅಜ್ಜನವರು ತೀರಿಕೊಂಡ ದುಃಖದಲ್ಲಿ ರಜೆಯನ್ನು ಬೇಡಿ ಬರೆದ ಅರ್ಜಿಯಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಹ್ಯಾಸ್ ಕಿಕ್ಡ್ ದಿ ಬಕೆಟ್’ ಎಂದು ಬರೆದಿದ್ದಳು. ಅವಳ ಪುಸ್ತಕದಲ್ಲಿ ಅದರ ಮುಂದೆ ‘ಸಾಯುವದು’ ಎಂದಷ್ಟೇ ಅಚ್ಚಾಗಿತ್ತು. ಆ ಮಾತು ಹಾಸ್ಯದ್ದು, ಹಗುರವಾದದ್ದು ಎಂಬುದನ್ನು ಪುಸ್ತಕ ಹೇಳಿರಲಿಲ್ಲ. ನಾವು ಅವಳನ್ನು ಕರೆದು, “ನಿಮ್ಮ ಊರಿನಲ್ಲಿ ಹಿರಿಯರು ತೀರಿಕೊಂಡರೆ ಗೊಟಕ್ ಅಂದರು ಎನ್ನುವಿರಾ?” ಎಂದು ಮೆಲ್ಲಗೆ ಕೇಳಿದೆವು. ಅವಳು ನಾಚಿ ಕಣ್ಣಿನಲ್ಲಿ ನೀರು ತಂದಳು. ತೀರಿಕೊಂಡರು, ಲಿಂಗೈಕ್ಯರಾದರು, ಕರ್ತನಲ್ಲಿ ನಿದ್ರೆಹೋದರು, ಗೊಟಕ್ ಅಂದರು: ಈ ನಾಲ್ಕರ ಭೇದವನ್ನು ಆರು ವರುಷದ ಕೂಸೂ ಬಲ್ಲದು. ಅಂಥ ಭೇದ ಇಂಗ್ಲಿಷಿನಲ್ಲಿಯೂ ಇದೆಯೆಂದು ಅವಳಿಗೆ ಒಮ್ಮೆ ತಿಳಿದ ಬಳಿಕ ಆ ತಪ್ಪು ಮತ್ತೆ ಆಗಲಿಲ್ಲ. ತಿಳಿಸಿಕೊಟ್ಟದ್ದು ಅವಳ ಕನ್ನಡವೇ ಎಂಬುದನ್ನು ಪಾಲಕರು ಲಕ್ಷ್ಯದಲ್ಲಿಡಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವದು ಅದನ್ನೇ.

ನುಡಿಗಟ್ಟು ಎಂದರೆ ಹೆಸರೇ ಹೇಳುವಂತೆ ಕಟ್ಟು. ಅದರೊಳಗಿನ ಒಂದು ಕಡ್ಡಿಯನ್ನು ಹಿರಿದು ಅದೇ ಅರ್ಥದ ಬೇರೊಂದನ್ನು ಸೇರಿಸಿದರೆ ಕಟ್ಟು ಬಿಚ್ಚಿಹೋಗುವದು. ಜೋರಾದ ಮಳೆಗೆ ಇಂಗ್ಲಿಷರು ‘ಕ್ಯಾಟ್ಸ್ ಅಂಡ್ ಡಾಗ್ಸ್’ ಸುರಿಯುತ್ತವೆ ಎನ್ನುವರು. ನಾಯಿಗಳನ್ನು ಮುಂದೆ, ಬೆಕ್ಕುಗಳನ್ನು ಹಿಂದೆ ಮಾಡಿದರೆ ಕೇಳಿದವರು ನಗುವರು. ಇದೇನು ಹಟಮಾರಿತನವೆಂದು ಮಕ್ಕಳು ಕೇಳುತ್ತಾರೆ. ಅವರಿಗೆ ನಾವು ಕೊಡುವ ಉತ್ತರ ಹೊಟ್ಟೆಕಿಚ್ಚು. ಹೊಟ್ಟೆ ಎಂದರೆ ಜಠರ, ಕಿಚ್ಚು ಎಂದರೆ ಅಗ್ನಿ. ಆದರೆ ಹೊಟ್ಟೆಕಿಚ್ಚು ಮತ್ಸರವಾದರೆ ಜಠರಾಗ್ನಿ ಉಂಡ ಅನ್ನವನ್ನು ಅರಗಿಸುವಂಥದು. ಇನ್ನು ಇಂಗ್ಲಿಷಿನಲ್ಲಿ ‘ಫೈರ್ ಇನ್ ದಿ ಬೆಲಿ’ ಎಂಬುದೊಂದಿದೆ. ಅದು ಮತ್ಸರವೂ ಅಲ್ಲ, ಹಸಿವೂ ಅಲ್ಲ. ಸಾಧಿಸಿಯೇ ತೀರಬೇಕೆಂಬ ಛಲ. ಒಂದೇ ಹೊಟ್ಟೆ, ಒಂದೇ ಬೆಂಕಿ, ಅರ್ಥ ಮೂರು! ಇಂಗ್ಲಿಷ್ ಬಲ್ಲ ಅತಿಥಿಗಳು ನಿಮ್ಮ ಮಗಳ ಹೊಟ್ಟೆಯಲ್ಲಿ ಬೆಂಕಿಯಿದೆ ಎಂದು ಹೇಳಿದರೆ ತಾಯಂದಿರು ಸಂತೋಷಪಡಬೇಕು.

ಇಂಥ ಭೇದಗಳು ಎಲ್ಲಿಂದ ಹುಟ್ಟಿದವು ಎಂದು ಹುಡುಕಿದರೆ ಬಹಳ ಸಲ ಆ ನಾಡಿನ ಹವೆ, ಬೆಳೆ, ಕಸುಬುಗಳಿಗೆ ಹೋಗಿ ಮುಟ್ಟುತ್ತೇವೆ. ‘ಮೇಕ್ ಹೇ ವೈಲ್ ದಿ ಸನ್ ಶೈನ್ಸ್’ ಎಂಬುದನ್ನು ಬಿಸಿಲಿದ್ದಾಗಲೇ ಹುಲ್ಲನ್ನು ಒಣಗಿಸಿಕೊಳ್ಳಬೇಕು ಎಂದು ಅನುವಾದಿಸಿದರೆ ಇಂಡಿ, ಸಿಂದಗಿ ಕಡೆಯ ಮಕ್ಕಳಿಗೆ ಆಶ್ಚರ್ಯ. ಬಿಸಿಲಿಗೆ ನಮ್ಮಲ್ಲಿ ಬರವೇ? ಆದರೆ ಇಂಗ್ಲಂಡದಲ್ಲಿ ಯಾವ ಗಳಿಗೆಗೆ ಮಳೆ ಬರುವದೋ ಹೇಳಲಾಗದು. ಕೊಯ್ದ ಹುಲ್ಲು ಒಣಗದಿದ್ದರೆ ಕೊಳೆತು, ಚಳಿಗಾಲದಲ್ಲಿ ದನಗಳಿಗೆ ಮೇವಿಲ್ಲದಾಗುವದು. ಆದಕಾರಣ ಅಲ್ಲಿಯ ಒಕ್ಕಲಿಗನು ಬಿಸಿಲಿಗಾಗಿ ಕಾಯುತ್ತಾನೆ. ನಮ್ಮ ಒಕ್ಕಲಿಗನು ಕಣದಲ್ಲಿ ಜೋಳದ ರಾಶಿಯನ್ನು ಮುಂದಿಟ್ಟುಕೊಂಡು ಗಾಳಿಗಾಗಿ ಕಾಯುತ್ತಿದ್ದನು. ಗಾಳಿ ಬಂದಾಗ ತೂರಿಕೋ ಎಂಬ ಮಾತು ಹುಟ್ಟಿದ್ದು ಅಲ್ಲಿ. ಈಗ ರಾಶಿ ಮಾಡಲು ಯಂತ್ರಗಳು ಬಂದಿವೆ. ಆದರೂ ಮಾತು ಉಳಿದಿದೆ. ಇಷ್ಟನ್ನು ಹೇಳಿಕೊಟ್ಟರೆ ಹುಡುಗಿಯು ಆ ಇಂಗ್ಲಿಷ್ ಮಾತನ್ನು ಜನ್ಮದಲ್ಲಿ ಮರೆಯಲಾರಳು.

ಬಿಸಿ ತಂಪುಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಚಳಿಯ ನಾಡಿನವರಿಗೆ ಬೆಚ್ಚಗಿರುವದೇ ಸುಖ. ಆದ್ದರಿಂದ ಅವರ ಪ್ರೀತಿ ‘ವಾರ್ಮ್’, ಸ್ವಾಗತ ‘ವಾರ್ಮ್’, ಪತ್ರದ ಕೊನೆಯ ನಮಸ್ಕಾರವೂ ‘ವಾರ್ಮ್’. ಬೇಡವಾದವರಿಗೆ ಅವರು ತೋರಿಸುವದು ‘ಕೋಲ್ಡ್ ಶೋಲ್ಡರ್’, ಎಂದರೆ ಔದಾಸೀನ್ಯ. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ಮೀರಿ ಕಾಯುವ ನಮ್ಮ ಸೀಮೆಯಲ್ಲಾದರೋ ಮನಸ್ಸು ತಂಪಾಗಬೇಕು, ಕಣ್ಣು ತಂಪಾಗಬೇಕು. “ನಿನ್ನ ಹೊಟ್ಟೆ ತಣ್ಣಗಿರಲಿ” ಎಂಬುದಕ್ಕಿಂತ ಹಿರಿದಾದ ಹರಕೆ ನಮ್ಮ ಮುದುಕಿಯರಿಗೆ ಗೊತ್ತಿಲ್ಲ. ಈ ಹರಕೆಯನ್ನು ಶಬ್ದಶಃ ಇಂಗ್ಲಿಷಿಗೆ ಇಳಿಸಿದರೆ ಕೇಳಿದವರು ಏನೆಂದುಕೊಂಡಾರು! ಆದರೂ ಒಂದು ಮಾತಿನಲ್ಲಿ ಎರಡೂ ನುಡಿಗಳು ಕೂಡಿವೆ: ಉತ್ಸಾಹಕ್ಕೆ ತಣ್ಣೀರು ಎರಚುವದು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

‘ಕೋಲ್ಸ್ ಟು ನ್ಯೂಕ್ಯಾಸಲ್’ ಎಂಬ ಮಾತನ್ನು ಕಲಿಸುವಾಗ, ನ್ಯೂಕ್ಯಾಸಲ್ ಎಂಬುದು ಇಂಗ್ಲಂಡದ ಉತ್ತರದ ಒಂದು ಬಂದರವೆಂದೂ ಶತಮಾನಗಳವರೆಗೆ ಅಲ್ಲಿಂದಲೇ ಕಲ್ಲಿದ್ದಲು ಹಡಗುಗಳಲ್ಲಿ ಲಂಡನ್ನಿಗೆ ಹೋಗುತ್ತಿತ್ತೆಂದೂ, ಅಂಥ ಊರಿಗೆ ಇದ್ದಲು ಹೊತ್ತುಕೊಂಡು ಹೋಗುವದು ವ್ಯರ್ಥವೆಂದೂ ವಿವರಿಸಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂಡಲೆ, “ಇಂಡಿಗೆ ಲಿಂಬಿಹಣ್ಣು ಒಯ್ದಾಂಗ್ರೀ ಬಾಯಿಯವರೆ” ಅಂದಳು. ಇಂಡಿಯ ಲಿಂಬೆ ಎಷ್ಟು ಊರುಗಳ ಪೇಟೆಗಳಿಗೆ ಹೋಗುತ್ತದೆಂಬುದನ್ನು ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕೇ? ಅವಳು ಯಾವ ಪಟ್ಟಿಯನ್ನೂ ಓದಿರಲಿಲ್ಲ.

ಇನ್ನು ಭೀಮಾತೀರದ ಮಕ್ಕಳ ಒಂದು ವಿಶೇಷವನ್ನು ಹೇಳಬೇಕು. ಅಗರಖೇಡ ಮೊದಲಾದ ಹಳ್ಳಿಗಳು ಮರಾಠಿ ನಾಡಿನ ಎಲ್ಲೆಗೆ ಹತ್ತಿಕೊಂಡಿವೆ. ಸೊಲ್ಲಾಪುರದ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲವೂ ಅವರಿಗೆ ಬಳಕೆಯವು. ಕನ್ನಡ ಮರಾಠಿಗಳೆರಡೂ ಕಿವಿಯ ಮೇಲೆ ಬಿದ್ದು ಬೆಳೆದ ಈ ಮಕ್ಕಳು, ತಮಗೆ ಅರಿವಿಲ್ಲದೆಯೇ, ನುಡಿಗಟ್ಟಿನ ಒಂದು ಕಠಿಣ ಪಾಠವನ್ನು ಕಲಿತಿರುತ್ತಾರೆ. ಮರಾಠಿಯವರು ‘ಹಾತ್ ದಿಲಾ’ ಎಂದರೆ, ಕೈ ಕೊಟ್ಟ, ಎಂದರೆ ಸಹಾಯ ಮಾಡಿದ ಎಂದರ್ಥ. ಕನ್ನಡದಲ್ಲಿ ಕೈ ಕೊಟ್ಟ ಎಂದರೆ ನಡುನೀರಿನಲ್ಲಿ ಬಿಟ್ಟುಹೋದ ಎಂದರ್ಥ. ಇಂಗ್ಲಿಷಿನ ‘ಗಿವ್ ಎ ಹ್ಯಾಂಡ್’ ಮರಾಠಿಯ ಪಕ್ಷದಲ್ಲಿ ನಿಲ್ಲುತ್ತದೆ. ಕನ್ನಡವನ್ನಷ್ಟೇ ಬಲ್ಲ ಹುಡುಗಿ ಇಲ್ಲಿ ಎಡವುವಳು. ಅಗರಖೇಡದ ಕಡೆಯವಳು ಎಡವಲಾರಳು. ಕೈ ತೊಳೆದುಕೊಳ್ಳುವದನ್ನು ನೋಡಿರಿ. ಪಿಲಾತನು ಜನರ ಮುಂದೆ ಕೈ ತೊಳೆದುಕೊಂಡು, ತನಗೂ ಆ ನೀತಿವಂತನ ರಕ್ತಕ್ಕೂ ಸಂಬಂಧವಿಲ್ಲವೆಂದು ಬಿಟ್ಟುಬಿಟ್ಟನು. ಇಂಗ್ಲಿಷಿನ ಮಾತು ಅಲ್ಲಿಂದ ಬಂದದ್ದು, ಹೊಣೆಯನ್ನು ಬಿಟ್ಟುಬಿಡುವದು ಎಂಬ ಅರ್ಥದ್ದು. ನಮ್ಮ ಕಡೆಯಲ್ಲಿಯೂ ಮರಾಠಿಯಲ್ಲಿಯೂ ಕೈ ತೊಳೆದುಕೊಂಡು ಬೆನ್ನು ಹತ್ತುವದು ಎಂಬುದೊಂದಿದೆ. ಕೈ ತೊಳೆದುಕೊಂಡವನು ಬಿಟ್ಟುಹೋಗುವದಿರಲಿ, ಬಿಡದೆ ಕಾಡುತ್ತಾನೆ.

ಪಿಲಾತನ ಮಾತು ಬಂದದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ ಇರುವ ಒಂದು ಅನುಕೂಲತೆಯನ್ನೂ ಇಲ್ಲಿ ಹೇಳುತ್ತೇವೆ. ಇಂಗ್ಲಿಷಿನ ನಿತ್ಯದ ನುಡಿಗಟ್ಟುಗಳಲ್ಲಿ ಎಷ್ಟೋ ಸತ್ಯವೇದದಿಂದ ಇಳಿದುಬಂದವು. ವಿಲಿಯಮ್ ಟಿಂಡೇಲನು 1526ರಲ್ಲಿ ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕಿನಿಂದ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದನು. ನೇಗಿಲು ಹೊಡೆಯುವ ಹುಡುಗನಿಗೂ ಅದು ತಿಳಿಯಬೇಕೆಂಬುದು ಅವನ ಹಂಬಲವಾಗಿತ್ತು. ಅದಕ್ಕಾಗಿ ಪಂಡಿತರ ನುಡಿಯನ್ನು ಬಿಟ್ಟು ಹೊಲದ ನುಡಿಯನ್ನು ಹಿಡಿದನು. 1536ರಲ್ಲಿ ಅವನನ್ನು ಕೊಂದರು. ಆದರೆ 1611ರಲ್ಲಿ ಜೇಮ್ಸ್ ರಾಜನ ಅಪ್ಪಣೆಯಿಂದ ಹೊರಬಂದ ಭಾಷಾಂತರದಲ್ಲಿ ಅವನ ಮಾತುಗಳು ಹೇರಳವಾಗಿ ಸೇರಿಕೊಂಡವು. ಚರ್ಚಿನಲ್ಲಿ ಕೇಳಿ ಕೇಳಿ ಜನರ ಬಾಯಿಗೆ ಬಂದವು. ಬೇಲ್ಶಚ್ಚರನ ಅರಮನೆಯ ಗೋಡೆಯ ಮೇಲೆ ಮೂಡಿದ ಬರಹವನ್ನು ದಾನಿಯೇಲನು ಓದಿದ ಕಥೆಯನ್ನು ಬಲ್ಲವಳಿಗೆ ‘ದಿ ರೈಟಿಂಗ್ ಆನ್ ದಿ ವಾಲ್’ ಎಂದರೆ ಬರಲಿರುವ ಕೇಡಿನ ಸೂಚನೆಯೆಂದು ಬೇರೆ ಹೇಳಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ಚಿನ್ನದ ತಲೆಯ ಪ್ರತಿಮೆಗೆ ಪಾದಗಳಲ್ಲಿ ಜೇಡಿಮಣ್ಣು ಬೆರೆತಿತ್ತು; ದೊಡ್ಡವರಲ್ಲಿ ಅಡಗಿದ ದೌರ್ಬಲ್ಯಕ್ಕೆ ‘ಫೀಟ್ ಆಫ್ ಕ್ಲೇ’ ಎನ್ನುವದು ಅದರಿಂದ. ಯಾಜಕಕಾಂಡದಲ್ಲಿ ಜನರ ಪಾಪಗಳನ್ನು ಹೊರಿಸಿ ಅಡವಿಗೆ ಅಟ್ಟುತ್ತಿದ್ದ ಆಡಿಗೆ ಟಿಂಡೇಲನು ‘ಸ್ಕೇಪ್‌ಗೋಟ್’ ಎಂಬ ಹೊಸ ಶಬ್ದವನ್ನೇ ಕಟ್ಟಿದನು. ಇಂದು ಪರರ ತಪ್ಪನ್ನು ತಲೆಯ ಮೇಲೆ ಹೊತ್ತವರಿಗೆಲ್ಲ ಅದೇ ಹೆಸರು. ಯೆಶಾಯನ ಪುಸ್ತಕದಿಂದ ಬಂದ ‘ಎ ಡ್ರಾಪ್ ಇನ್ ದಿ ಬಕೆಟ್’ ಎಂಬುದಕ್ಕೆ ಸರಿಯಾದದ್ದನ್ನು ಮಕ್ಕಳನ್ನು ಕೇಳಿದರೆ, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ನಗುತ್ತ ಹೇಳುವರು. ಯೆಶಾಯನೂ ರಾವಣನೂ ಒಂದೇ ಪಾಠದಲ್ಲಿ ಕೂಡಿದ್ದಕ್ಕೆ ನಮಗೇನೂ ಬೇಸರವಿಲ್ಲ.

ಇವುಗಳಲ್ಲಿ ನಮಗೆ ಅತಿ ಪ್ರಿಯವಾದದ್ದು ‘ದಿ ಆ್ಯಪಲ್ ಆಫ್ ದಿ ಐ’. ಸೇಬುಹಣ್ಣಿಗೂ ಕಣ್ಣಿಗೂ ಏನು ಸಂಬಂಧವೆಂದು ಮಕ್ಕಳು ಕೇಳುವರು. ಹಿಂದಿನ ಇಂಗ್ಲಿಷಿನಲ್ಲಿ ಕಣ್ಣುಗುಡ್ಡೆಯ ದುಂಡುತನವನ್ನು ನೋಡಿ ಅದನ್ನು ಆ್ಯಪಲ್ ಎನ್ನುತ್ತಿದ್ದರು. ಆದರೆ ಮೂಲ ಇಬ್ರಿಯದಲ್ಲಿ ಇರುವ ಶಬ್ದದ ಅರ್ಥ ಕಣ್ಣಿನೊಳಗಿನ ಚಿಕ್ಕ ಮನುಷ್ಯ. ಒಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ ನಮ್ಮದೇ ಚಿಕ್ಕ ರೂಪು ಅದರಲ್ಲಿ ಕಾಣುತ್ತದಷ್ಟೆ? ನಮ್ಮವರು ಅದಕ್ಕೆ ಕಣ್ಣಿನ ಪಾಪೆ ಎಂದು ಹೆಸರಿಟ್ಟರು. ಪಾಪೆ ಎಂದರೆ ಬೊಂಬೆ. ಲ್ಯಾಟಿನ್ ನುಡಿಯವರೂ ಅದಕ್ಕೆ ಚಿಕ್ಕ ಬೊಂಬೆ ಎಂಬರ್ಥದ ಹೆಸರನ್ನೇ ಕೊಟ್ಟಿದ್ದರು. ಅದರಿಂದ ಇಂಗ್ಲಿಷಿನ ‘ಪ್ಯೂಪಿಲ್’ ಬಂದಿತು. ಶಾಲೆಯಲ್ಲಿ ಓದುವ ಮಗುವಿನ ಹೆಸರೂ ಅದೇ ಬೇರಿನಿಂದ ಹುಟ್ಟಿದ್ದು. ಮೂರು ನಾಡುಗಳ ಜನರು ಒಬ್ಬರನ್ನೊಬ್ಬರು ಕೇಳದೆ ಕಣ್ಣಿನಲ್ಲಿ ಅದೇ ಬೊಂಬೆಯನ್ನು ಕಂಡರು.

ಪರಭಾಷೆಯ ನುಡಿಗಟ್ಟನ್ನು ಹೇಗೆ ಕಲಿಯಬೇಕೆಂಬುದಕ್ಕೆ ನಮ್ಮ ಕನ್ನಡದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಬಾಸೆಲ್ ಮಿಶನ್ನಿನ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಸಾಹೇಬರು 1853ರಲ್ಲಿ ಈ ನಾಡಿಗೆ ಬಂದರು. 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದನ್ನು ತೆರೆದು ನೋಡಿದವರಿಗೆ ಗೊತ್ತು: ಶಬ್ದಕ್ಕೆ ಅರ್ಥವನ್ನು ಕೊಟ್ಟು ಅವರು ಸುಮ್ಮನಾಗಲಿಲ್ಲ. ಆ ಶಬ್ದವು ಜನರ ಗಾದೆಯಲ್ಲಿ, ಮಾತಿನಲ್ಲಿ ಹೇಗೆ ನಿಲ್ಲುತ್ತದೆಂಬುದನ್ನೂ ಕೆಳಗೆ ಬರೆದಿದ್ದಾರೆ. ಪರದೇಶದ ಪಂಡಿತರು ನಮ್ಮ ಒಕ್ಕಲಿಗರ, ಅಗಸರ, ಅಡಿಗೆಮನೆಯ ಮಾತುಗಳನ್ನು ಹಾಗೆ ಗೌರವದಿಂದ ಸಂಗ್ರಹಿಸಿರಲು, ಆ ಮನೆಗಳ ಮಕ್ಕಳೇ ಅವುಗಳನ್ನು ಕೀಳೆಂದು ಮರೆಯುವದು ಸರಿಯೇ?

ಹೊರಗಿನಿಂದ ಬಂದವರಿಗೆ ಕನ್ನಡದಲ್ಲಿ ಬಹಳ ಗೊಂದಲವನ್ನುಂಟುಮಾಡುವದು ನಮ್ಮ ಚಿಕ್ಕ ಕ್ರಿಯಾಪದಗಳು. ತಿಂದುಹಾಕಿದ ಎಂದರೆ ತಿಂದು ಎಲ್ಲಿ ಹಾಕಿದ? ಬಿಟ್ಟುಬಿಡು ಎಂದರೆ ಎರಡು ಸಲ ಏಕೆ ಬಿಡಬೇಕು? ಅವರ ಈ ಕಷ್ಟವನ್ನು ಮಕ್ಕಳಿಗೆ ಹೇಳಿ ನಗಿಸಿದ ಬಳಿಕ ನಾವು ‘ಗಿವ್ ಅಪ್’, ‘ಗಿವ್ ಇನ್’, ‘ಪುಟ್ ಅಪ್ ವಿತ್’, ‘ಲುಕ್ ಆಫ್ಟರ್’, ‘ಲುಕ್ ಡೌನ್ ಅಪಾನ್’ ಎಂಬವುಗಳನ್ನು ಎತ್ತಿಕೊಳ್ಳುತ್ತೇವೆ. ನಿಜವಾಗಿ ನೋಡಿದರೆ ಬಕೆಟ್ಟು, ಬೆಕ್ಕು, ನಾಯಿಗಳ ಮಾತು ವರುಷಕ್ಕೆ ಒಮ್ಮೆ ಬಂದೀತು. ಈ ಸಣ್ಣ ಜೋಡಿಗಳು ಗಳಿಗೆಗೊಮ್ಮೆ ಬರುತ್ತವೆ. ಮೊದಲು ಕಲಿಯಬೇಕಾದವು ಇವೇ. ಪೇಟೆಯ ಪಟ್ಟಿಗಳಲ್ಲಿ ಇವು ಎಲ್ಲಿಯೋ ಮೂಲೆಯಲ್ಲಿರುತ್ತವೆ, ಯಾಕಂದರೆ ನೋಡಲು ಅಂದವಾಗಿಲ್ಲ.

ಈಗ ಕೈಯೊಳಗಿನ ಫೋನೇ ಭಾಷಾಂತರ ಮಾಡಿಕೊಡುವದರಿಂದ ಇಷ್ಟೆಲ್ಲ ಶ್ರಮವೇಕೆಂದು ಕೆಲವು ಪಾಲಕರು ಕೇಳುತ್ತಾರೆ. ಅವರಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ ಸಂಗತಿಯನ್ನು ಹೇಳುತ್ತೇವೆ. ಅವಳು ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಅಗರಖೇಡದ ಕಡೆಯ ಒಬ್ಬ ತರುಣನನ್ನು ವಿಷಮವಾದ ಜ್ವರದಿಂದ ಅಲ್ಲಿಗೆ ತಂದಿದ್ದರು. ಮೂರನೆಯ ದಿನ, ಕನ್ನಡ ಬಾರದ ವೈದ್ಯರು ತಾಯಿಯ ಮುಂದೆ ನಿಂತು, ‘ಹೀ ಈಸ್ ನಾಟ್ ಔಟ್ ಆಫ್ ದಿ ವುಡ್ಸ್ ಯೆಟ್’ ಎಂದು ಹೇಳಿ, ಇದನ್ನು ಇವರಿಗೆ ತಿಳಿಸಿರಿ ಎಂದು ದಾದಿಗೆ ಸನ್ನೆ ಮಾಡಿದರು. ತಾಯಿಯು ದಾದಿಯ ಮುಖವನ್ನೇ ನೋಡುತ್ತಿದ್ದಳು. ನಿಮ್ಮ ಮಗ ಇನ್ನೂ ಅಡವಿಯಿಂದ ಹೊರಗೆ ಬಂದಿಲ್ಲ ಎಂದು ಶಬ್ದಶಃ ಹೇಳಿದ್ದರೆ ಅವಳಿಗೆ ಏನು ತಿಳಿಯಬೇಕು? ಎರೆಭೂಮಿಯ ಬಯಲಿನಲ್ಲಿ ಹುಟ್ಟಿ ಬೆಳೆದವಳಿಗೆ ದಟ್ಟವಾದ ಅಡವಿಯೆಂಬುದೇ ಗೊತ್ತಿಲ್ಲ. ಅಪಾಯವಿದೆ ಎಂದಷ್ಟೇ ಹೇಳಿದ್ದರೆ ಅವಳು ಅಲ್ಲಿಯೇ ಎದೆ ಬಡಿದುಕೊಂಡು ಬೀಳುತ್ತಿದ್ದಳು. ಅಲ್ಲದೆ ವೈದ್ಯರು ಹೇಳಿದ್ದೂ ಅಷ್ಟೇ ಆಗಿರಲಿಲ್ಲ. ‘ಯೆಟ್’ ಎಂಬ ಆ ಸಣ್ಣ ಶಬ್ದದಲ್ಲಿ ಹೊರಗೆ ಬಂದಾನೆಂಬ ಆಶೆಯೂ ಇತ್ತು. ದಾದಿಯು ತಾಯಿಯ ಕೈಯನ್ನು ಹಿಡಿದು, “ಯವ್ವಾ, ನಿಮ್ಮ ಮಗಾ ಇನ್ನಾ ದಂಡಿ ಮುಟ್ಟಿಲ್ರಿ; ಆದರ ಈಸಾಕತ್ಯಾನ” ಅಂದಳು.

2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಇಂಡಿ ಸೀಮೆಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡ ಜನರಿಗೆ ದಂಡೆ ಮುಟ್ಟುವದೆಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ತಾಯಿಯು ಅಳಲಿಲ್ಲವಂತೆ. “ಹಂಗಾರ ನಾ ದಂಡ್ಯಾಗ ಕುಂದರ್ತೀನಿ ತಂಗಿ” ಎಂದು ಹೇಳಿ ಬಾಗಿಲ ಬಳಿಯಲ್ಲಿ ಕುಳಿತುಕೊಂಡಳು. ಐದಾರು ದಿನಗಳಾದ ಮೇಲೆ ಮಗನು ಗುಣವಾದನು. ಆ ದಾದಿಯು ನಮ್ಮಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಮೊದಲನೆಯವಳೇನೂ ಆಗಿರಲಿಲ್ಲ. ಆದರೆ ಅವಳಿಗೆ ಮನೆಯ ಮಾತು ಚೆನ್ನಾಗಿ ಬರುತ್ತಿತ್ತು. ಅಜ್ಜಿಯ ಮಡಿಲಲ್ಲಿ ಬೆಳೆದವಳು.

ಈ ಕಾರಣದಿಂದಲೇ ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಇಂಗ್ಲಿಷ್ ಬೇಗನೆ ಬರಲೆಂದು ಮನೆಯಲ್ಲಿ ಮಕ್ಕಳೊಡನೆ ಹರಕು ಮುರುಕು ಇಂಗ್ಲಿಷನ್ನೇ ಆಡುವ ಚಾಳಿ ಕೆಲವರಲ್ಲಿ ಬೆಳೆದಿದೆ. ಅಜ್ಜಿಯ ಮಾತು ಹಳ್ಳಿಯದೆಂದು ಮಕ್ಕಳನ್ನು ಅವಳ ಬಳಿಗೆ ಬಿಡದವರೂ ಇದ್ದಾರೆ. ಇದು ನಮಗೆ ಸರಿದೋರುವದಿಲ್ಲ. ಒಂದು ನುಡಿಯಲ್ಲಿಯಾದರೂ ಆಳವಾಗಿ ಇಳಿಯದವಳಿಗೆ ಇನ್ನೊಂದರ ಆಳ ಎಲ್ಲಿದೆಯೆಂದು ಗೊತ್ತಾಗದು; ಎರಡರಲ್ಲಿಯೂ ಮೊಣಕಾಲುದ್ದದ ನೀರಿನಲ್ಲಿ ನಿಂತಿರುವಳು. ಇದೇ ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಕೂಡಿ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಕನ್ನಡದ ವಿದ್ವಾಂಸರು ಅದನ್ನು ತಲೆಯ ಮೇಲೆ ಹೊತ್ತರು. ಆ ಹಾಡುಗಳನ್ನು ಕಟ್ಟಿದವರಲ್ಲಿ ಅನೇಕರು ಅಕ್ಷರ ಬಾರದ ತಾಯಂದಿರು. ಅವರ ಮೊಮ್ಮಕ್ಕಳು, ಮರಿಮೊಮ್ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ.

ನಮ್ಮ ತರಗತಿಗಳಲ್ಲಿ ಈಗ ನಡೆಯುತ್ತಿರುವ ಪದ್ಧತಿಯನ್ನು ಹೇಳಿ ಮುಗಿಸುತ್ತೇವೆ. ಪ್ರತಿಯೊಬ್ಬ ಹುಡುಗಿಯ ಬಳಿ ಒಂದು ವಹಿ ಇರುವದು. ವಾರಕ್ಕೆ ಮೂರಕ್ಕಿಂತ ಹೆಚ್ಚು ನುಡಿಗಟ್ಟುಗಳನ್ನು ಕೊಡುವದಿಲ್ಲ. ಎಡಪುಟದಲ್ಲಿ ಇಂಗ್ಲಿಷಿನದನ್ನು, ತಾನು ಅದನ್ನು ಎಲ್ಲಿ ಕೇಳಿದೆ ಅಥವಾ ಓದಿದೆ, ಯಾರು ಯಾರಿಗೆ ಹೇಳಿದರು, ನಗುತ್ತ ಹೇಳಿದರೋ ಸಿಟ್ಟಿನಿಂದ ಹೇಳಿದರೋ ಎಂಬುದರೊಡನೆ ಬರೆಯಬೇಕು. ಬಲಪುಟದಲ್ಲಿ ತನ್ನ ಮನೆಯಲ್ಲಿ ಅದೇ ಹೊತ್ತಿನಲ್ಲಿ ಆಡುವ ಮಾತನ್ನು ಬರೆಯಬೇಕು. ಕನ್ನಡವಾಗಲಿ, ಮರಾಠಿಯಾಗಲಿ, ಉರ್ದುವಾಗಲಿ ಅಡ್ಡಿಯಿಲ್ಲ. ಸಿಕ್ಕದಿದ್ದರೆ ಪುಟವನ್ನು ಬರಿದಾಗಿಯೇ ಬಿಡಬೇಕು, ಕಟ್ಟಿ ಬರೆಯಕೂಡದು. ತಿಂಗಳಿಗೊಮ್ಮೆ ಕ್ರಮವನ್ನು ತಿರುಗಿಸಿ, ಬಲಪುಟದಲ್ಲಿ ಮನೆಯ ಮಾತನ್ನು ಮೊದಲು ಬರೆದು ಎಡಕ್ಕೆ ಇಂಗ್ಲಿಷಿನದನ್ನು ಹುಡುಕಿಸುತ್ತೇವೆ. ಆಗ ಬರಿದಾಗಿ ಉಳಿಯುವ ಪುಟಗಳು ಎಡದವು. ಹೊಟ್ಟೆ ತಣ್ಣಗಿರಲಿ ಎಂಬುದರ ಎದುರಿನ ಪುಟ ಇದುವರೆಗೆ ಯಾರ ವಹಿಯಲ್ಲಿಯೂ ತುಂಬಿಲ್ಲ.

ಕ್ರಿಸ್ಮಸ್ ರಜೆಗೆ ಮಕ್ಕಳು ಊರಿಗೆ ಬರುವಾಗ ಈ ವಹಿಯನ್ನು ಜೊತೆಗೆ ತರುವರು. ಅಜ್ಜಿಯರೂ ಅಜ್ಜಂದಿರೂ ಕೆಲಹೊತ್ತು ಅವರನ್ನು ಬಳಿಯಲ್ಲಿ ಕೂರಿಸಿಕೊಂಡು ಬಲಪುಟಗಳನ್ನು ತುಂಬಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇವೆ. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಕೆಲಸದ ಸ್ಥಳಗಳಲ್ಲಿ ಕೇಳಿಬಂದ ಇಂಗ್ಲಿಷಿನ ಮಾತುಗಳನ್ನು, ಕೇಳಿದ ಸಂದರ್ಭದೊಡನೆ, ನಮಗೆ ಬರೆದು ತಿಳಿಸಿದರೆ ಅವುಗಳನ್ನು ಹೆಸರಿನೊಂದಿಗೆ ತರಗತಿಯ ಫಲಕದ ಮೇಲೆ ಬರೆಯಿಸುತ್ತೇವೆ.